ದೊಡ್ಡೋನು ಮಾಡಿಸಿದ ಕ್ಷೌರದ ಕತ್ತಿ

ಅವಳಿ ಗಂಡುಮಕ್ಕಳಲ್ಲಿ ಮೊದಲು ಹುಟ್ಟಿದವನನ್ನು ತಾಯಿ ದೊಡ್ಡೋನು ಎಂದು ಕರೆದಳು, ಅವನ ಬೆನ್ನಿಗೇ ಬಂದವನನ್ನು ಚಿಕ್ಕೋನು ಎಂದಳು. ಇಬ್ಬರ ನಡುವೆ ಇದ್ದದ್ದು ಒಂದು ಪಾತ್ರೆ ಹಾಲು ಕಾಯುವಷ್ಟು ಹೊತ್ತಿನ ಅಂತರ, ಅಷ್ಟೆ. ಆ ಅಂತರವನ್ನೇ ಬಂಡವಾಳ ಮಾಡಿಕೊಂಡು ದೊಡ್ಡೋನು ಜೀವನಪೂರ್ತಿ ದೊಡ್ಡಸ್ತಿಕೆ ನಡೆಸಿದ. ಕಿಟಕಿ ಪಕ್ಕದ ಹಾಸಿಗೆ ಅವನದು, ಹೊಸ ಅಂಗಿಗಳಲ್ಲಿ ಮೊದಲ ಆಯ್ಕೆ ಅವನದು, ಬೈಸಿಕೊಳ್ಳುವ ಸರದಿ ಬಂದಾಗ ಮುಂದೆ ಹೋಗಿ ನಿಲ್ಲುವವನೂ ಅವನೇ. ಆದರೂ ಚಿಕ್ಕೋನು ಅವನನ್ನು ಒಂದು ದಿನವೂ ಅಣ್ಣ ಎಂದವನಲ್ಲ. ಏನಿದ್ದರೂ ‘ಲೋ’, ‘ಬಾರೋ’, ‘ಹೋಗೋ’.

ಮುಖ ಮಾತ್ರ ಒಂದೇ ಅಚ್ಚು. ಚಿಕ್ಕಂದಿನಲ್ಲಿ ಅದೊಂದು ಆಟವಾಗಿತ್ತು, ದೊಡ್ಡವರಾದ ಮೇಲೆ ಪೀಕಲಾಟವಾಯಿತು. ದೊಡ್ಡೋನು ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆದ. ಚಿಕ್ಕೋನು ಲಿಫ್ಟ್ ರಿಪೇರಿ ಮಾಡುವ ಕಂಪನಿಗೆ ಸೇರಿದ. ಅಂಗಡಿಯಲ್ಲಿ ಪ್ಯಾಂಟು ಪೀಸು ಕೊಂಡವರು ಬೀದಿಯಲ್ಲಿ ಚಿಕ್ಕೋನನ್ನು ಅಡ್ಡಗಟ್ಟಿ, “ಏನ್ರೀ, ಒಂದೇ ಒಗೆತಕ್ಕೆ ಬಣ್ಣ ಬಿಡ್ತು” ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಗ್ರೀಸು ಮೆತ್ತಿದ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತವನು ಎಷ್ಟು ಮಂದಿಗೆ ತಾನೇ ಉತ್ತರ ಕೊಡಬಲ್ಲ? ಕೊನೆಗೊಂದು ದಿನ ಅವನು ತಾಯಿಯ ಮುಂದೆ ಪಂಚಾಯಿತಿಗೆ ಕೂತ. “ಇಬ್ಬರಲ್ಲಿ ಒಬ್ಬರು ಗಡ್ಡ ಬಿಡಬೇಕು” ಎಂದ. “ನಮ್ಮ ಯಜಮಾನ್ರಿಗೆ ಗಡ್ಡ ಕಂಡ್ರೆ ಆಗಲ್ಲ. ನೀನು ಯಾರಿಗೆ ಮುಖ ತೋರಿಸ್ಬೇಕು, ಲಿಫ್ಟ್ ಗುಂಡಿಗಾ? ನೀನೇ ಬಿಡು” ಎಂದು ದೊಡ್ಡೋನು ತೀರ್ಪು ಕೊಟ್ಟೇ ಬಿಟ್ಟ.

ಅಂದಿನಿಂದ ಚಿಕ್ಕೋನಿಗೆ ಎದೆಯವರೆಗೆ ಇಳಿದ ಗಡ್ಡ. ಕೆಲಸದ ಜಾಗದಲ್ಲಿ ಅವನ ಹೆಸರೇ ‘ಗಡ್ಡ’ ಎಂದಾಯಿತು. ದೊಡ್ಡೋನು ದಿನಕ್ಕೊಂದು ಇಸ್ತ್ರಿ ಅಂಗಿ, ಕನ್ನಡಿಯಂಥ ಬೂಟು, ನುಣ್ಣನೆಯ ಗಲ್ಲ. ಒಳ್ಳೆಯ ವಸ್ತು ಎಂದರೆ ಅವನಿಗೆ ಹುಚ್ಚು. ಹತ್ತು ಸಾಮಾನು ಕೊಳ್ಳುವ ಬದಲು ಒಂದೇ ಕೊಂಡು, ಅದನ್ನು ಒರೆಸಿ ಒರೆಸಿ ಇಟ್ಟುಕೊಳ್ಳುವ ಜಾತಿಯ ಮನುಷ್ಯ. ಮದುವೆಯಾದ ಮೇಲೆ ಎರಡು ಬೀದಿ ಆಚೆ ಮನೆ ಮಾಡಿದ. ಮಕ್ಕಳಾಗಲಿಲ್ಲ. ಮದುವೆಯ ಗೋಜಿಗೆ ಹೋಗದ ಚಿಕ್ಕೋನು ತಾಯಿಯ ಜೊತೆ ಹಳೆಯ ಮನೆಯಲ್ಲೇ ಉಳಿದ. ತಾಯಿಯ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ದೊಡ್ಡೋನು ಅಂಗಡಿಗೆ ಹೋಗುವ ಮುಂಚೆ ದಿನಾ ಬರುತ್ತಿದ್ದ. ಅವಳ ಅಂಗೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡು, “ನೋಡು, ಹೇಗಿದೆ ಇವತ್ತಿನ ಶೇವಿಂಗು?” ಎನ್ನುತ್ತಿದ್ದ. ಅವಳು ಗಲ್ಲದ ಮೂಲೆಯಲ್ಲೆಲ್ಲೋ ಉಳಿದ ಒಂದು ಕೂದಲನ್ನು ಹುಡುಕಿ ತೆಗೆದು, “ಇಲ್ಲಿ ಬಿಟ್ಟಿದ್ದೀಯಲ್ಲೋ ಸೋಮಾರಿ” ಎನ್ನುತ್ತಿದ್ದಳು.

ಅಂಥ ದೊಡ್ಡೋನು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮೇಲಿನ ಅಟ್ಟದಿಂದ ಬಟ್ಟೆಯ ಥಾನು ಇಳಿಸುತ್ತಿದ್ದವನು ಏಣಿಯ ಮೇಲೇ ಎದೆ ಹಿಡಿದುಕೊಂಡ. ಕೆಳಗಿಳಿದು, ಥಾನನ್ನು ಕೌಂಟರಿನ ಮೇಲಿಟ್ಟು, “ಒಂದ್ನಿಮಿಷ ಕೂತ್ಕೋತೀನಿ” ಎಂದು ಗಿರಾಕಿಗಳ ಬೆಂಚಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಐವತ್ತೂ ತುಂಬಿರಲಿಲ್ಲ.

ತಾಯಿಗೆ ಹೇಳಿದರು. ಅವಳು ಸುಮ್ಮನೆ ತಲೆಯಾಡಿಸಿದಳು. ಮಾರನೆಯ ದಿನ ಬೆಳಿಗ್ಗೆ, “ದೊಡ್ಡೋನು ಇನ್ನೂ ಬರ್ಲಿಲ್ವಲ್ಲ” ಎಂದಳು. ಮತ್ತೆ ಹೇಳಿದರು. ಮತ್ತೆ ತಲೆಯಾಡಿಸಿದಳು. ಆ ಸುದ್ದಿಯನ್ನು ಅವಳ ತಲೆ ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಕಣ್ಣಿನ ಜೊತೆ ನೆನಪೂ ಸೋರಿಹೋಗುತ್ತಿತ್ತೋ, ಅಥವಾ ಬೇಕೆಂದೇ ಬಾಗಿಲು ಹಾಕಿಕೊಂಡಳೋ, ಡಾಕ್ಟರಿಗೂ ತಿಳಿಯಲಿಲ್ಲ. ಕೊನೆಗೆ ಚಿಕ್ಕೋನು, “ಅಂಗಡಿ ಕೆಲಸದ ಮೇಲೆ ಊರಿಗೆ ಹೋಗಿದ್ದಾನಮ್ಮ” ಎನ್ನತೊಡಗಿದ. ಅದನ್ನು ಕೇಳಿ ಅವಳು ಸಮಾಧಾನವಾಗಿ ಹಾಲು ಕುಡಿಯುತ್ತಿದ್ದಳು.

ಕೆಲವು ತಿಂಗಳು ಕಳೆದಿದ್ದವು. ಒಂದು ಸಂಜೆ ಅತ್ತಿಗೆಯ ಫೋನು ಬಂತು.

“ಅವರ ಫೋನಿಗೆ ಯಾರೋ ಕರೆ ಮಾಡಿದ್ರು. ಕ್ಷೌರದ ಕತ್ತಿ ಮಾಡೋಕೆ ಕೊಟ್ಟಿದ್ರಂತೆ. ಅಲಗು ತಯಾರಾಗಿದೆ, ಬಂದು ಹಿಡಿ ಆರಿಸಿ ಅಂದ್ರು. ನನಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಕಳಿಸ್ತೀನಿ ಅಂತ ಇಟ್ಬಿಟ್ಟೆ. ನೀವೇ ಒಂಚೂರು ಹೋಗ್ಬನ್ನಿ.”

“ಕತ್ತಿ ಯಾಕಂತೆ? ರೇಜರ್ ಇತ್ತಲ್ಲ?”

“ನನಗೇನು ಗೊತ್ತು? ನನಗೂ ಹೇಳಿಲ್ಲ. ತಂದು ತೋರಿಸಿ ಆಶ್ಚರ್ಯಪಡಿಸೋಣ ಅಂತಿದ್ರೇನೋ.” ಅಷ್ಟು ಹೇಳಿ ಅವಳು ಫೋನು ಇಟ್ಟಳು.

ಕತ್ತಿ ಮಾಡುವವನ ಕಾರ್ಖಾನೆ ಮೋಟಾರು ರಿಪೇರಿ ಶೆಡ್ಡುಗಳ ಹಿಂದೆ ಇತ್ತು. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ತಿರುಗುವ ಸಾಣೆಚಕ್ರ, ಅದರ ಕೆಳಗೊಂದು ನೀರಿನ ತೊಟ್ಟಿ, ಗೋಡೆಗೆ ತೂಗುಬಿಟ್ಟ ಚರ್ಮದ ಪಟ್ಟಿಗಳು. ಮುಂಚೆ ಆಸ್ಪತ್ರೆಗಳಿಗೆ ಶಸ್ತ್ರಕ್ರಿಯೆಯ ಸಲಕರಣೆ ಮಾಡುತ್ತಿದ್ದ ಆಸಾಮಿ, ಈಗ ಕೇಳಿದವರಿಗೆ ಮಾತ್ರ ಅಳತೆ ತೆಗೆದುಕೊಂಡು ಕ್ಷೌರದ ಕತ್ತಿ ಮಾಡಿಕೊಡುತ್ತಿದ್ದ. ಅವನ ಸ್ವಂತ ಗಲ್ಲದ ಮೇಲೆ ಮಾತ್ರ ವಾರದ ಕುರುಚಲು.

“ನೀವು ತಮ್ಮ ಅಲ್ವಾ?” ಎಂದ, ಚಕ್ರ ನಿಲ್ಲಿಸದೆಯೇ. “ಗಡ್ಡ ಅಂತ ಹೇಳಿದ್ರು. ನಿಮ್ಮನ್ನೇ ಕಾಯ್ತಿದ್ದೆ.”

“ನನ್ನನ್ನ ಯಾಕೆ?”

“ಹಿಡಿ ಯಾವುದು ಹಾಕ್ಲಿ ಅಂತ ಕೇಳ್ದೆ. ನನ್ನ ತಮ್ಮ ದಿನಾ ಹತ್ಯಾರ ಹಿಡಿಯೋನು, ಕೈಗೆ ಯಾವ್ದು ಕೂರತ್ತೆ ಅಂತ ಅವನಿಗೇ ಗೊತ್ತು, ಅವನ್ನ ಕೇಳಿ ಹೇಳ್ತೀನಿ ಅಂದ್ರು. ಆಮೇಲೆ ಪತ್ತೇನೇ ಇಲ್ಲ. ಕೇಳಿದ್ರಾ ನಿಮ್ಮನ್ನ?”

ಚಿಕ್ಕೋನು ತಲೆ ಅಲ್ಲಾಡಿಸಿದ. “ಕೇಳೋಕೆ ಆಗ್ಲಿಲ್ಲ. ಅಣ್ಣ ಹೋಗ್ಬಿಟ್ರು.”

ಹಾಗೆಂದ ಮೇಲೆ ಅವನಿಗೇ ಬೆಚ್ಚಿದಂತಾಯಿತು. ಬದುಕಿದ್ದಾಗ ಒಮ್ಮೆಯೂ ಬಾರದ ಮಾತು, ಒಬ್ಬ ಅಪರಿಚಿತನ ಮುಂದೆ, ತಾನಾಗಿಯೇ ಬಂದಿತ್ತು. ಕತ್ತಿಯವನು ಸ್ವಿಚ್ಚು ಆರಿಸಿದ. ಚಕ್ರ ಸುತ್ತಿ ಸುತ್ತಿ ನಿಧಾನವಾಗಿ ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡುತ್ತ ನಿಂತರು.

“ಮೂರು ಸಲ ಬಂದಿದ್ರು” ಎಂದ ಕತ್ತಿಯವನು ಕೊನೆಗೆ. “ಮನುಷ್ಯ ತುಂಬಾ ಕೇಳ್ತಿದ್ರು. ಅದ್ಯಾಕೆ, ಇದ್ಯಾಕೆ ಅಂತ. ತುಕ್ಕು ಹಿಡಿಯದ ಉಕ್ಕು ಹಾಕ್ತೀನಿ, ಸುಲಭ ಆಗತ್ತೆ ಅಂದೆ. ಬೇಡ, ಹರಿತ ಚೆನ್ನಾಗಿ ಬರೋದು ಯಾವುದೋ ಅದನ್ನೇ ಹಾಕಿ, ನೋಡ್ಕೊಳ್ಳೋದು ನನ್ನ ಕೆಲಸ ಅಂದ್ರು.”

ಅವನು ಮೇಜಿನ ಡ್ರಾಯರಿನಿಂದ ಎಣ್ಣೆ ಕಾಗದದ ಸುರುಳಿ ತೆಗೆದು ಬಿಚ್ಚಿದ. ಹಿಡಿ ಇಲ್ಲದ ಅಲಗು. ಬೆನ್ನು ದಪ್ಪ, ಅಲ್ಲಿಂದ ಎರಡೂ ಮಗ್ಗುಲು ಒಳಕ್ಕೆ ತೋಡಿಕೊಂಡು ಬಂದು ಅಂಚಿನಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಹಿಂದುಗಡೆ ಕಿರುಬೆರಳು ಇಟ್ಟುಕೊಳ್ಳಲು ಬಾಗಿದ ಬಾಲ. ದೊಡ್ಡೋನ ಬೆರಳುಗಳ ಅಳತೆಗೆ ಬಾಗಿಸಿದ್ದು. ಚಿಕ್ಕೋನು ಹಿಡಿದ. ಎಲ್ಲ ಬೆರಳೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು.

“ನಿಮಗೇ ಮಾಡಿದ ಹಾಗಿದೆಯಲ್ಲ” ಎಂದ ಕತ್ತಿಯವನು.

“ನಾವು ಅವಳಿ.”

ಕತ್ತಿಯವನು ಅವನ ಮುಖವನ್ನು, ಗಡ್ಡದ ಹಿಂದಿನ ಮುಖವನ್ನು, ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಕೆಲಸದ ಮಾತಿಗೆ ಬಂದ. “ನೋಡಿ, ಬೇಡ ಅಂದ್ರೆ ಇಲ್ಲೇ ಬಿಟ್ಟುಹೋಗಿ. ಬೇಕು ಅಂದ್ರೆ ಎರಡು ವಿಷಯ ತೀರ್ಮಾನ ಆಗ್ಬೇಕು. ಅವರು ತುದಿ ಚೌಕವಾಗಿ, ಚೂಪು ಮೂಲೆ ಬೇಕು ಅಂದಿದ್ರು. ಕಿವಿ ಪಕ್ಕದ ಕೂದಲಂಚು ತಿದ್ದೋಕೆ ಅದು ಚೆಂದ. ನಿಮಗೆ ಕತ್ತಿ ಹಿಡಿದು ಅಭ್ಯಾಸ ಇದ್ಯಾ?”

“ರೇಜರೇ ಹಿಡಿದು ಎಷ್ಟೋ ವರ್ಷ ಆಯ್ತು.”

“ಹಾಗಾದ್ರೆ ಮೂಲೆ ದುಂಡು ಮಾಡ್ತೀನಿ. ಹೊಸಬರ ಕೈಗೆ ಚೂಪು ಮೂಲೆ ಕೊಟ್ರೆ ಮೊದಲು ಹೋಗೋದು ಕಿವಿ.”

ಬೇಡ, ಅವನು ಹೇಳಿದಂತೆಯೇ ಇರಲಿ ಎನ್ನಲು ಚಿಕ್ಕೋನ ಬಾಯಿ ತೆರೆದಿತ್ತು. ಆದರೆ ಚಕ್ರ ಆಗಲೇ ತಿರುಗಲು ಶುರುವಾಗಿತ್ತು. ಒಂದಿಷ್ಟು ಕಿಡಿ ಹಾರಿದವು, ಅಷ್ಟೇ. ದೊಡ್ಡೋನು ಕೇಳಿ ಮಾಡಿಸಿಕೊಂಡಿದ್ದ ಮೂಲೆ ನೀರಿನ ತೊಟ್ಟಿಯ ತಳದ ಮಣ್ಣಾಯಿತು.

ಇನ್ನು ಹಿಡಿ. ಕತ್ತಿಯವನು ಮೂರು ಜೊತೆ ಮುಂದಿಟ್ಟ. ಒಂದು ಕಪ್ಪು ಮರದ್ದು, ಒಂದು ಬಿಳಿಯ ಪ್ಲಾಸ್ಟಿಕ್ಕಿನದು, ಒಂದು ಜೇನಿನ ಬಣ್ಣದ ಗೆರೆಯೋಡಿದ ಕೊಂಬಿನದು. ಚಿಕ್ಕೋನು ನೀರು ಕೇಳಿ ಅಂಗೈ ಒದ್ದೆ ಮಾಡಿಕೊಂಡು ಒಂದೊಂದನ್ನೇ ಹಿಡಿದು ನೋಡಿದ. ಅಲಗಿನ ಜೊತೆ ಸೇರಿಸಿ, ಅಲಗು ಹಿಡಿಯೊಳಕ್ಕೆ ಮಡಚಲು ಮೊಳೆ ಬರುವ ಜಾಗವನ್ನು ಬೆರಳ ಮೇಲೆ ಇಟ್ಟು ತೂಗಿದ. ಮರದ್ದೇ ಸರಿ, ಸಂಶಯವಿಲ್ಲ. ಜಾರುವುದಿಲ್ಲ, ತೂಕ ಸಮವಾಗಿದೆ. ಕೊಂಬು ಚೆಂದವೇನೋ ಹೌದು, ಆದರೆ ಒದ್ದೆಯಾಗಿ ಒಣಗಿ ಒಣಗಿ ಬಾಗುತ್ತದೆ, ಅದಕ್ಕೂ ಆಗಾಗ ಎಣ್ಣೆ ಸವರಬೇಕು ಎಂದ ಕತ್ತಿಯವನು.

ದೊಡ್ಡೋನು ಏನು ಮಾಡುತ್ತಿದ್ದ ಎಂದು ಚಿಕ್ಕೋನಿಗೆ ಚೆನ್ನಾಗಿ ಗೊತ್ತಿತ್ತು. ಕರೆದುಕೊಂಡು ಬಂದು, ಇವನ ಅಭಿಪ್ರಾಯವನ್ನೆಲ್ಲ ಕೇಳಿ, ‘ಹೌದು ಹೌದು, ನೀನು ಹೇಳೋದೂ ಸರಿ’ ಎಂದು ತಲೆದೂಗಿ, ಕೊನೆಗೆ ಕೊಂಬಿನದನ್ನೇ ಎತ್ತಿಕೊಳ್ಳುತ್ತಿದ್ದ. ಹೊಸ ಅಂಗಿ ಆರಿಸುವ ಕಾಲದಿಂದಲೂ ಅದೇ ಕತೆ.

“ಕೊಂಬಿಂದೇ ಹಾಕಿ” ಎಂದ ಚಿಕ್ಕೋನು. ಮೂಲೆಯಂತೂ ತನಗಾಗಿ ಹೋಯಿತು, ಹಿಡಿಯಾದರೂ ಅವನಿಷ್ಟದಂತೆ ಇರಲಿ ಎಂದುಕೊಂಡ.

ಮುಂದಿನ ವಾರ ಕತ್ತಿ ಕೈಗೆ ಬಂತು. ಅತ್ತಿಗೆ ಅದನ್ನು ಮುಟ್ಟಲಿಲ್ಲ. “ನಿಮ್ಮ ಹತ್ರಾನೇ ಇರ್ಲಿ” ಎಂದಳು. ಚಿಕ್ಕೋನು ಮನೆಗೆ ತಂದು ಬಚ್ಚಲುಮನೆಯ ಕನ್ನಡಿಯ ಹಿಂದಿನ ಗೂಡಿನಲ್ಲಿಟ್ಟ. ಇಟ್ಟವನು ಮರೆಯಲಿಲ್ಲ, ಆದರೆ ತೆಗೆಯಲೂ ಇಲ್ಲ. ತಿಂಗಳಾದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಬಿಚ್ಚಿ ನೋಡಿದರೆ ಅಲಗಿನ ಮೇಲೆ ಕಂದು ಚುಕ್ಕೆಗಳು. ತುಕ್ಕು. ಅವನು ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತ. ಅಣ್ಣನದೆಂದು ಉಳಿದಿದ್ದ ಹೊಚ್ಚ ಹೊಸ ವಸ್ತು, ಅಣ್ಣ ಒಮ್ಮೆಯೂ ಕಾಣದ ವಸ್ತು, ಅದನ್ನೂ ಕಾಪಾಡಲಾಗಲಿಲ್ಲವಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಅತ್ತ.

ತೆಗೆದುಕೊಂಡು ಹೋದಾಗ ಕತ್ತಿಯವನು ಬೈದ. “ಬಚ್ಚಲಲ್ಲಿ ಇಡ್ತಾರೇನ್ರೀ? ಆ ಹಬೆ ಸಾಕು ಇದನ್ನ ತಿನ್ನೋಕೆ.” ಸಣ್ಣ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುವಂತೆ ಚಪ್ಪಟೆಯಾಗಿ ಮಲಗಿಸಿ, ಹಗುರವಾಗಿ ತಳ್ಳುತ್ತ ಹೇಳಿದ, “ಅದೃಷ್ಟ, ಚುಕ್ಕೆ ಅಂಚಿಗೆ ಬಂದಿಲ್ಲ. ಇದು ಬೀಗ ಹಾಕಿ ಇಡೋ ಒಡವೆ ಅಲ್ಲ. ದಿನಾ ಕೈಗೆ ಬಂದ್ರೆ ದಿನಾ ಒರೆಸ್ತೀರ. ಒರೆಸಿದ್ರೆ ಉಳಿಯತ್ತೆ. ಕೂತು ಕಲೀರಿ.”

“ನೀವೇ ಬೋಳಿಸ್ಕೊಂಡಿಲ್ವಲ್ಲ.”

“ಬೆಳಗ್ಗಿಂದ ಸಂಜೆತನಕ ಇದನ್ನೇ ಹಿಡ್ಕೊಂಡಿರ್ತೀನಿ. ಮನೆಗೆ ಹೋದ್ಮೇಲೂ ಇದನ್ನೇ ಹಿಡೀಬೇಕಾ?”

ಹಾಗೆ ಪಾಠ ಶುರುವಾಯಿತು. ಚರ್ಮದ ಪಟ್ಟಿಯನ್ನು ಬಾಗಿಲ ಕೊಂಡಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಬೇಕು. ಬೆನ್ನು ಮುಂದೆ, ಅಂಚು ಹಿಂದೆ ಬರುವಂತೆ ಎಳೆಯಬೇಕು. ಪಟ್ಟಿಯ ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು, ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯಿತು ಅಲಗೂ ಹೋಯಿತು. ಚಿಕ್ಕೋನು ಮೊದಲ ದಿನವೇ ಪಟ್ಟಿಯನ್ನು ಸೀಳಿದ. ಮನೆಯಲ್ಲಿ ಹಳೆಯ ಸೊಂಟಪಟ್ಟಿಯೊಂದನ್ನು ಕಟ್ಟಿಕೊಂಡು, ಚಮಚದ ಹಿಡಿಯಲ್ಲಿ ಹೊರಳಿಸುವ ಅಭ್ಯಾಸ ಮಾಡಿದ. ಟಪ್ ಟಪ್ ಸದ್ದಿಗೆ ತಾಯಿ ಒಳಗಿನಿಂದ, “ಯಾರನ್ನೋ ಹೊಡೀತಿದ್ದೀಯ?” ಎಂದು ಕೇಳುತ್ತಿದ್ದಳು.

ಬೋಳಿಸುವುದಾದರೆ ಮೊದಲು ಕೆನ್ನೆಯ ಮೇಲ್ಭಾಗ ಮಾತ್ರ, ಆಮೇಲೆ ಕತ್ತು ಎಂದಿದ್ದ ಕತ್ತಿಯವನು. ಬಿಸಿನೀರಿನ ಬಟ್ಟೆ ಒತ್ತಿ, ನೊರೆ ದಟ್ಟವಾಗಿ ಹಚ್ಚಿ, ಇನ್ನೊಂದು ಕೈಯಲ್ಲಿ ಚರ್ಮ ಎಳೆದು ಹಿಡಿದು, ಬೆನ್ನಿಗೂ ಕೆನ್ನೆಗೂ ಮಧ್ಯೆ ಕಿರುಬೆರಳು ತೂರುವಷ್ಟು ಮಾತ್ರ ಸಂದು ಬಿಟ್ಟು, ಕೂದಲು ಬೆಳೆದ ಕಡೆಗೇ ಎಳೆಯಬೇಕು. ಒತ್ತಬಾರದು. ಗಡ್ಡವನ್ನು ಹಾಗೇ ಉಳಿಸಿಕೊಂಡು ಅಂಚು ಮಾತ್ರ ತಿದ್ದಿಕೊಳ್ಳುವುದು ಚಿಕ್ಕೋನ ಯೋಜನೆ. ಕತ್ತಿಯೂ ಕೆಡಬಾರದು, ಗಡ್ಡವೂ ಹೋಗಬಾರದು.

ಆದರೆ ಹೊಸ ಕೈ. ಎಡಗೆನ್ನೆಯಲ್ಲಿ ಅಂಚು ಬೆರಳಿನಷ್ಟು ಕೆಳಗಿಳಿಯಿತು. ಸರಿದೂಗಿಸಲು ಬಲಗೆನ್ನೆಯಲ್ಲಿ ಇಳಿಸಿದರೆ ಅದು ಒಂದು ನೂಲು ಹೆಚ್ಚೇ ಇಳಿಯಿತು. ಮುಂದಿನ ವಾರ ಎಡಗಡೆ ಮತ್ತೆ. ಕತ್ತಿನ ಕಡೆಯಿಂದಲೂ ಅದೇ ಪಾಡು. ಎದೆಯವರೆಗೆ ಇದ್ದ ಗಡ್ಡ ಗಲ್ಲದ ಸುತ್ತಿನ ಪಟ್ಟಿಯಾಯಿತು, ಪಟ್ಟಿ ಗಲ್ಲದ ಮೇಲಿನ ಗೊಂಚಲಾಯಿತು. ಕೆಲಸದ ಜಾಗದಲ್ಲಿ, “ಗಡ್ಡ, ನಿನ್ನ ಗಡ್ಡ ಬಾಡಿಗೆ ಕೊಟ್ಟಿದ್ದೀಯೇನೋ” ಎಂದು ನಕ್ಕರು. ಕೊನೆಗೊಂದು ಭಾನುವಾರ ಉಳಿದದ್ದನ್ನು ನೋಡಿ ಅವನಿಗೇ ನಗು ಬಂತು. ನೊರೆ ಹಚ್ಚಿಕೊಂಡು ಪೂರ್ತಿ ತೆಗೆದ.

ಮುಖ ತೊಳೆದು ತಲೆ ಎತ್ತಿದ. ನಗು ಅಲ್ಲೇ ನಿಂತಿತು. ಕನ್ನಡಿಯಲ್ಲಿ ದೊಡ್ಡೋನು ಇದ್ದ. ಗಲ್ಲದ ಕೆಳಗೆ ಎರಡು ಕಡೆ ಕೊಯ್ದುಕೊಂಡು ರಕ್ತ ಜಿನುಗುತ್ತಿದ್ದ, ಗಾಬರಿಗೊಂಡ ದೊಡ್ಡೋನು. ಚಿಕ್ಕೋನು ತನಗೆ ಗೊತ್ತಿಲ್ಲದೆಯೇ, “ಲೋ” ಎಂದ.

ತಾಯಿ ಕರೆದದ್ದು ಕೇಳಿ ಟವೆಲಿನಲ್ಲಿ ಮುಖ ಒತ್ತಿಕೊಂಡು ಹೊರಗೆ ಬಂದ. ಹಾಲು ಕೊಡಲು ಬಗ್ಗಿದಾಗ ಲೋಟಕ್ಕೆ ಚಾಚಿದ ಅವಳ ಕೈ ಅವನ ಕೆನ್ನೆಗೆ ತಾಗಿತು. ಕೈ ಅಲ್ಲೇ ನಿಂತಿತು. ಮೆಲ್ಲಗೆ ಗಲ್ಲದವರೆಗೆ ಸರಿದು, ಮತ್ತೆ ಕಿವಿಯವರೆಗೆ ಹೋಯಿತು.

“ದೊಡ್ಡೋನೇ” ಎಂದಳು. “ಬಂದ್ಯೇನೋ. ಎಷ್ಟು ದಿನ ಮಾಡ್ಬಿಟ್ಟೆ.”

ಇಲ್ಲಮ್ಮ, ನಾನು ಚಿಕ್ಕೋನು ಎನ್ನಬೇಕಿತ್ತು. ಆದರೆ ಅವಳ ತಿಂಗಳುಗಟ್ಟಲೆ ಒಣಗಿದ್ದ ಮುಖ ಅರಳಿತ್ತು. ಅವಳು ಗಲ್ಲದ ಗಾಯವನ್ನು ಬೆರಳಲ್ಲಿ ಸವರಿ, “ಕೊಯ್ಕೊಂಡಿದ್ದೀಯ. ಅವಸರ ನಿಂಗೆ ಯಾವಾಗ್ಲೂ” ಎಂದಳು.

“ಹೂಂ ಅಮ್ಮ. ಅವಸರ ಆಯ್ತು” ಎಂದ ಚಿಕ್ಕೋನು.

ಆ ಸಂತೋಷದ ಬಿಸಿಯಲ್ಲೇ ಅವನು ಅತ್ತಿಗೆಯ ಮನೆಗೆ ಹೊರಟ. ತಾಯಿ ನಕ್ಕಿದ್ದನ್ನು ಯಾರಿಗಾದರೂ ಹೇಳಬೇಕಿತ್ತು. ಮುಖದ ಯೋಚನೆ ಬಾಗಿಲು ತಟ್ಟುವವರೆಗೆ ತಲೆಗೆ ಬರಲಿಲ್ಲ. ಅತ್ತಿಗೆ ಬಾಗಿಲು ತೆಗೆದಳು. ಅವಳ ಕೈಯಲ್ಲಿ ಒಣಗಿಸಲು ಹಿಂಡಿದ ಬಟ್ಟೆ ಇತ್ತು. ಅದರಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಕೂಗಲಿಲ್ಲ. ನೋಡಿದಳು, ತುಟಿ ಒಂದು ಸಲ ಅಲುಗಿತು, ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಚಿಕ್ಕೋನು ಮೆಟ್ಟಿಲ ಮೇಲೆ ನಿಂತೇ ಇದ್ದ. ಬಾಗಿಲ ಆಚೆಯಿಂದ ಮಾತು ಬಂತು.

“ನೀವು ಅಂತ ಗೊತ್ತು. ನಿಮ್ಮದೇನೂ ತಪ್ಪಿಲ್ಲ.”

“ಅತ್ತಿಗೆ, ನಂಗೆ ಹೊಳೀಲೇ ಇಲ್ಲ.”

“ಈಗ ಹೋಗಿ. ಗಡ್ಡ ಬಂದ್ಮೇಲೆ ಬನ್ನಿ. ಅಲ್ಲಿವರೆಗೆ ಬರ್ಬೇಡಿ. ಬೇಜಾರು ಮಾಡ್ಕೋಬೇಡಿ.”

ಗಡ್ಡ ಬಿಡಲು ಅವನಿಗೇನು ಅಡ್ಡಿ? ಆದರೆ ಮರುದಿನ ಬೆಳಿಗ್ಗೆ ತಾಯಿ ಅಂಗೈ ಚಾಚಿ ಕಾಯುತ್ತಿದ್ದಳು. ಆ ಅಂಗೈಗೆ ಕುರುಚಲು ಕೊಡಲು ಮನಸ್ಸಾಗಲಿಲ್ಲ. ಹಾಗೆ ದಿನಾ ಕತ್ತಿ ಕೈಗೆ ಬಂತು. ದಿನಾ ಪಟ್ಟಿಗೆ ಎಳೆದ, ಬೋಳಿಸಿದ, ತೊಳೆದು ಒರೆಸಿದ, ಮೊಳೆಯ ಸಂದಿನಲ್ಲೂ ಬಟ್ಟೆಯ ತುದಿ ತೂರಿಸಿ ಒಣಗಿಸಿದ, ಒಂದು ಹನಿ ಎಣ್ಣೆ ಸವರಿ ಮಲಗುವ ಕೋಣೆಯ ಪೆಟ್ಟಿಗೆಯಲ್ಲಿಟ್ಟ. ಕೈ ಪಳಗಿತು. ಗಲ್ಲದ ಕುಳಿಯಲ್ಲಿ ಕತ್ತಿಯ ದುಂಡು ತುದಿ ತಾನೇ ದಾರಿ ಹುಡುಕಿಕೊಂಡು ತಿರುಗುತ್ತಿತ್ತು. ಅತ್ತಿಗೆಗೆ ಬೇಕಾದ ಸಾಮಾನನ್ನು ದಿನಸಿ ಅಂಗಡಿಯವನ ಕೈಯಲ್ಲಿ ಕಳಿಸಿಕೊಟ್ಟ, ತಾನು ಆ ಬೀದಿಗೆ ಕಾಲಿಡಲಿಲ್ಲ.

ತಾಯಿಯ ಸಂತೋಷ ಹೆಚ್ಚು ಕಾಲ ನಿಲ್ಲಲಿಲ್ಲ.

“ದೊಡ್ಡೋನೇ, ಚಿಕ್ಕೋನು ಎಲ್ಲಿ?” ಎಂದು ಒಂದು ಸಂಜೆ ಕೇಳಿದಳು.

“ಕೆಲಸಕ್ಕೆ ಹೋಗಿದ್ದಾನೆ” ಎಂದ.

“ಕತ್ತಲಾಯ್ತಲ್ಲ. ಬರ್ಲಿಲ್ವಲ್ಲ.”

ಮರುದಿನವೂ ಅದೇ ಪ್ರಶ್ನೆ. ಅದರ ಮರುದಿನವೂ. ಲಿಫ್ಟಿನ ಗುಂಡಿಯಲ್ಲಿ ಏನಾದರೂ ಆಯಿತೇ, ನೀನು ಹೋಗಿ ನೋಡಿಕೊಂಡು ಬಾ, ಅಣ್ಣ ಆಗಿ ಸುಮ್ಮನೆ ಕೂತಿದ್ದೀಯಲ್ಲ ಎಂದು ಅವಳು ಅವನನ್ನೇ ಗದರಿದಳು. “ಅವನು ಬಾಯಿ ಸತ್ತೋನು. ಏನಾದ್ರೂ ಹೇಳ್ಕೊಳ್ಳಲ್ಲ. ನಾನೂ ಅವನನ್ನ ಸರಿಯಾಗಿ ವಿಚಾರಿಸ್ಲಿಲ್ಲ, ನೀನೇ ನೀನೇ ಅಂತ ಇದ್ಬಿಟ್ಟೆ” ಎಂದಳು. ತನ್ನ ಬಗ್ಗೆ ತಾಯಿ ಇಷ್ಟು ಮಾತಾಡಿದ್ದನ್ನು ಚಿಕ್ಕೋನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪಕ್ಕದಲ್ಲೇ ಕೂತು, ತನ್ನ ಕೆನ್ನೆಗೇ ಅವಳ ಕೈ ಒತ್ತಿಕೊಂಡು, ತಾನಿಲ್ಲ ಎಂದು ಅವಳು ಕೊರಗುವುದನ್ನು ಕೇಳಬೇಕಾಯಿತು. ಒಬ್ಬ ಮಗನನ್ನು ಕೊಡಬೇಕಾದರೆ ಇನ್ನೊಬ್ಬನನ್ನು ಕಿತ್ತುಕೊಳ್ಳಬೇಕು, ಅವನ ಬಳಿ ಇದ್ದದ್ದು ಒಂದೇ ಮುಖ.

ಊಟ ಬಿಟ್ಟಳು. ಚಿಕ್ಕೋನು ಬರುವವರೆಗೆ ತಿನ್ನುವುದಿಲ್ಲ ಎಂದು ತಟ್ಟೆ ತಳ್ಳಿದಳು. ಎರಡನೆಯ ಸಲ ತಳ್ಳಿದಾಗ ತಟ್ಟೆ ನೆಲಕ್ಕೆ ಬಿತ್ತು. ಅವನು ಅನ್ನ ಬಳಿಯುತ್ತ ಬಗ್ಗಿದ್ದವನು, ಹಾಗೇ ಅವಳ ಕಾಲ ಹತ್ತಿರ ಕೂತುಬಿಟ್ಟ.

“ಅಮ್ಮ, ನಾನೇ ಚಿಕ್ಕೋನು.”

“ನೀನು ದೊಡ್ಡೋನು.”

“ಅಲ್ಲಮ್ಮ. ಗಡ್ಡ ತೆಗೆದಿದ್ದೀನಿ, ಅಷ್ಟೇ. ಕೈ ನೋಡು.”

ಅವಳು ಕೈ ನೋಡಿದಳು. ಒಂದೊಂದೇ ಬೆರಳು ಮುಟ್ಟಿದಳು. ಗ್ರೀಸು ಕೂತು ಒರಟಾದ ತುದಿಗಳು, ಬಾಗಿಲಿಗೆ ಸಿಕ್ಕಿ ಸೀಳಿದ ಉಗುರು. ಬಟ್ಟೆ ಸವರಿ ಸವರಿ ಮೆತ್ತಗಾದ ದೊಡ್ಡೋನ ಕೈ ಅದಲ್ಲ.

“ಹೌದು, ನೀನೇ” ಎಂದಳು. ಅವಳ ಉಸಿರು ಸಡಿಲವಾಯಿತು. ಅವನ ತಲೆಗೂದಲಲ್ಲಿ ಕೈಯಾಡಿಸಿದಳು. ಆಮೇಲೆ, “ಹಾಗಾದ್ರೆ ದೊಡ್ಡೋನು?” ಎಂದಳು.

“ದೊಡ್ಡೋನು ಇಲ್ಲಮ್ಮ. ಹೋಗಿ ಬಹಳ ದಿನ ಆಯ್ತು.”

ಈ ಸಲ ಅವಳು ತಲೆಯಾಡಿಸಲಿಲ್ಲ. ಮೊದಲು ಒಂದು ಸಣ್ಣ ದನಿ ಬಂತು, ಕದ ಎಳೆದಾಗ ಬರುವಂಥದ್ದು. ಆಮೇಲೆ ಅತ್ತಳು. ಆ ಮಧ್ಯಾಹ್ನ ಅಂಗಡಿಯಲ್ಲೇ ಎಲ್ಲ ಮುಗಿದುಹೋದಾಗ ಅಳಬೇಕಿದ್ದದ್ದನ್ನೆಲ್ಲ ಅತ್ತಳು. ಚಿಕ್ಕೋನೂ ಜೊತೆಗೆ ಅತ್ತ. ಚೆಲ್ಲಿದ ಅನ್ನ ನೆಲದ ಮೇಲೆ ಹಾಗೇ ಒಣಗಿತು.

ಅದಾದ ಮೇಲೆ ಅವಳು ದೊಡ್ಡೋನು ಬಂದನೇ ಎಂದು ಕೇಳಲಿಲ್ಲ. ಎಷ್ಟೋ ಮರೆತಳು, ಒಲೆ ಆರಿಸುವುದನ್ನು, ವಾರಗಳ ಹೆಸರನ್ನು. ಇದೊಂದನ್ನು ಮಾತ್ರ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತೇನೋ ಎಂದು ಚಿಕ್ಕೋನಿಗೆ ಅನ್ನಿಸುವುದುಂಟು. ತಾನು ಮಾಡಿದ್ದು ಸರಿಯೋ ತಪ್ಪೋ ಅವನಿಗೆ ಈಗಲೂ ಗೊತ್ತಿಲ್ಲ.

ಗಡ್ಡ ಮತ್ತೆ ಬಂತು, ಈ ಸಲ ಅರ್ಧಕ್ಕರ್ಧ ಬೆಳ್ಳಗೆ. ಕತ್ತಿ ಕೆಡದಿರಲಿ ಎಂದು ಕತ್ತು ಮತ್ತು ಕೆನ್ನೆಯಂಚನ್ನು ಮಾತ್ರ ವಾರವಾರ ತಿದ್ದಿಕೊಂಡ. ಈಗ ಎರಡು ಕಡೆಯೂ ಒಂದೇ ಸಮ ಬರುತ್ತಿತ್ತು. ಅತ್ತಿಗೆಯ ಮನೆಗೆ ಹೋಗಿ ಬರತೊಡಗಿದ. ಅವಳು ಚಹಾ ಕೊಡುತ್ತಿದ್ದಳು, ಅತ್ತೆ ಹೇಗಿದ್ದಾರೆ ಎಂದು ಕೇಳುತ್ತಿದ್ದಳು, ಆ ಭಾನುವಾರದ ಮಾತು ಇಬ್ಬರೂ ಎತ್ತಲಿಲ್ಲ.

ಮರುವರ್ಷ ಅತ್ತಿಗೆ ತನ್ನ ಅಕ್ಕನ ಊರಿಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿ ಅಕ್ಕನದೊಂದು ಹೊಲಿಗೆ ಅಂಗಡಿ, ಇವಳಿಗೆ ಅಲ್ಲೇ ಕೆಲಸ. ಸಾಮಾನು ಕಟ್ಟಲು ಚಿಕ್ಕೋನು ಹೋದ. ಕೊನೆಯ ಡಬ್ಬಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಅವಳು ಹಿಂದಿನಿಂದ ಹೇಳಿದಳು.

“ಒಂದು ಕೇಳ್ಲಾ? ಆಗಲ್ಲ ಅಂದ್ರೆ ಬೇಡ.”

“ಕೇಳಿ ಅತ್ತಿಗೆ.”

“ನಾಳೆ ಬಸ್ಸಿಗೆ ಬರೋವಾಗ ಗಡ್ಡ ತೆಗೆದು ಬರ್ತೀರಾ? ಅವತ್ತು ನಾನು ಸರಿಯಾಗಿ ನೋಡ್ಲಿಲ್ಲ. ಒಂದ್ಸಲ ನೋಡ್ಕೊಂಡು ಹೋಗ್ತೀನಿ.”

ಮರುದಿನ ಅವನು ಬೇಗ ಎದ್ದ. ಹಿಂದಿನ ಸಂಜೆಯೇ ಪಟ್ಟಿಗೆ ಎಳೆದು ಸಿದ್ಧ ಮಾಡಿದ್ದ ಕತ್ತಿ ಮಾತು ಕೇಳಿತು. ಎಲ್ಲೂ ಕೊಯ್ಯಲಿಲ್ಲ. ಇಷ್ಟು ನುಣ್ಣಗೆ ಎಂದೂ ಬಂದಿರಲಿಲ್ಲ. ದೊಡ್ಡೋನು ಅಂಗಡಿಗೆ ಹಾಕುತ್ತಿದ್ದಂಥ ಇಸ್ತ್ರಿ ಅಂಗಿಯೊಂದನ್ನು ಹಾಕಿಕೊಂಡ. ಬಸ್ ನಿಲ್ದಾಣದಲ್ಲಿ ಪೆಟ್ಟಿಗೆಗಳ ಪಕ್ಕ ನಿಂತಿದ್ದ ಅತ್ತಿಗೆಯ ಮುಂದೆ ಹೋಗಿ, ಎಲ್ಲಿ ನೋಡಬೇಕೆಂದು ತಿಳಿಯದೆ, ನೆಲ ನೋಡುತ್ತ ನಿಂತ.

“ತಲೆ ಎತ್ತಿ” ಎಂದಳು.

ಎತ್ತಿದ. ಅವಳು ನೋಡಿದಳು. ಬಸ್ಸುಗಳು ಬಂದವು, ಹೋದವು. ಹಣೆ, ಕಣ್ಣು, ಗಲ್ಲ, ಕಿವಿಯ ಹತ್ತಿರ, ಎಲ್ಲವನ್ನೂ ಕಳೆದುಹೋದದ್ದನ್ನು ಹುಡುಕುವವರಂತೆ ನೋಡಿದಳು. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿದಳು.

“ಇಲ್ಲ” ಎಂದಳು. “ಅವರು ಹೀಗಿರ್ಲಿಲ್ಲ. ಅವರು ಮಾತಾಡೋ ಮುಂಚೇನೇ ಒಂದು ನಗು ಬರ್ತಿತ್ತು, ಇಲ್ಲಿ, ಬಾಯಿ ಪಕ್ಕದಲ್ಲಿ. ನಿಮ್ಮ ಮುಖ ನಿಮ್ದೇ. ಇಷ್ಟು ದಿನ ಎರಡು ಬೀದಿ ಆಚೆ ಅವರ ಮುಖ ಇನ್ನೂ ಇದೆ ಅಂದ್ಕೊಂಡಿದ್ದೆ. ಹೆದರಿಕೆಯಲ್ಲೂ ಅದೊಂದು ಧೈರ್ಯ ಇತ್ತು ನೋಡಿ.”

ಅವಳು ಅಳಲಿಲ್ಲ. ಸೆರಗಿನಿಂದ ಅವನ ಕಿವಿಯ ಕೆಳಗೆ ಉಳಿದಿದ್ದ ಸೋಪಿನ ನೊರೆ ಒರೆಸಿ, ಬಸ್ಸು ಹತ್ತಿದಳು. ಚಿಕ್ಕೋನು ಪೆಟ್ಟಿಗೆಗಳನ್ನು ಮೇಲಿಟ್ಟು ಇಳಿದ. ಕಿಟಕಿಯಿಂದ, “ಅತ್ತೇನ ನೋಡ್ಕೊಳ್ಳಿ” ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಅವನು ಹಿಂತಿರುಗಿ ನಡೆಯತೊಡಗಿದಾಗ ಎದುರಿನಿಂದ ಬಂದ ಹಿರಿಯರೊಬ್ಬರು ಗಕ್ಕನೆ ನಿಂತರು.

“ಏನ್ರೀ, ಅಂಗಡೀಲಿ ಕಾಣ್ತಾನೇ ಇಲ್ಲ ನೀವು? ನನ್ನ ಮಗಳ ಮದುವೆಗೆ ಬಟ್ಟೆ ಎಲ್ಲ ನೀವೇ ಆರಿಸಿಕೊಟ್ಟಿದ್ದು. ಈಗ ಹೋದ್ರೆ ಯಾವನೋ ಹೊಸಬ ಇದ್ದಾನೆ, ಒಂದೂ ತಿಳಿಯಲ್ಲ ಅವನಿಗೆ.”

ಚಿಕ್ಕೋನು ಕೆನ್ನೆಯ ಮೇಲೊಮ್ಮೆ ಕೈಯಾಡಿಸಿಕೊಂಡ.

“ಅಲ್ಲಿ ಕೆಲಸ ಬಿಟ್ಟೆ ಸಾರ್” ಎಂದ.

“ಅಯ್ಯೋ. ಆರೋಗ್ಯವಾಗಿದ್ದೀರ ತಾನೇ?”

“ಹೂಂ. ಚೆನ್ನಾಗಿದ್ದೀನಿ.”

“ಅಷ್ಟಿದ್ರೆ ಸಾಕು” ಎಂದು ಹಿರಿಯರು ಅವನ ಭುಜ ತಟ್ಟಿ ಮುಂದೆ ಹೋದರು. ಅವರು ಜನರ ನಡುವೆ ಸೇರಿಹೋಗುವವರೆಗೆ ಚಿಕ್ಕೋನು ನೋಡುತ್ತ ನಿಂತ. ಮನೆಯಲ್ಲಿ ತಾಯಿ ಒಬ್ಬಳೇ ಇದ್ದಳು, ಅವಳ ಕಣ್ಣಿಗೆ ಔಷಧಿ ಹಾಕುವ ಹೊತ್ತಾಗಿತ್ತು. ಅವನು ಬೇಗ ಬೇಗ ನಡೆದ.